ಅಗ್ಗದ ಸ್ಮಾರ್ಟ್‌ಫೋನು: ಕೊಳ್ಳುವ ಮುನ್ನ ಬೆಳೆಗಾರರು ಮಾಡಬೇಕಾದ ಪರೀಕ್ಷೆ



ಹೊಸ ಕತ್ತಿ ಕೊಳ್ಳುವಾಗ ನಾವು ಅಂಗಡಿಯವರ ಮಾತನ್ನು ನಂಬಿ ಸುಮ್ಮನಾಗುವುದಿಲ್ಲ. ಅಲಗನ್ನು ಬೆರಳಿನಿಂದ ಸವರಿ, ಹಿಡಿಯನ್ನು ಕೈಯಲ್ಲಿ ತೂಗಿ ನೋಡುತ್ತೇವೆ. ಔಷಧಿ ಹೊಡೆಯುವ ಪಂಪು ಕೊಳ್ಳುವಾಗ ಮರದ ಕೊನೆಗೆ ಹನಿ ಮುಟ್ಟುತ್ತದೆಯೇ ಎಂದು ವಿಚಾರಿಸುತ್ತೇವೆ. ಆದರೆ ಏಳೆಂಟು ಸಾವಿರ ರೂಪಾಯಿ ಎಣಿಸಿ ಸ್ಮಾರ್ಟ್‌ಫೋನು ತರುವಾಗ ಮಾತ್ರ, ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಅಂಕಿಗಳನ್ನು ನೋಡಿ ತೃಪ್ತರಾಗಿಬಿಡುತ್ತೇವೆ. ಈ ಲೇಖನದ ಉದ್ದೇಶ ಆ ಅಭ್ಯಾಸವನ್ನು ಬದಲಿಸುವುದು.

ಫೋನು ಈಗ ಬರೀ ಮಾತಿನ ಸಾಧನವಲ್ಲ. 2016 ರಲ್ಲಿ ಯು.ಪಿ.ಐ. ಬಂದ ಮೇಲೆ ಕೂಲಿ, ಗೊಬ್ಬರ, ದಿನಸಿ ಎಲ್ಲದರ ಹಣ ಅದರ ಮೂಲಕವೇ ಓಡಾಡುತ್ತಿದೆ. 2020 ರ ಮುಂಗಾರಿನಿಂದ ರಾಜ್ಯದ ಬೆಳೆ ಸಮೀಕ್ಷೆಯನ್ನು ರೈತರು ತಾವೇ ಆಪ್ ಮೂಲಕ ಮಾಡುವ ವ್ಯವಸ್ಥೆ ಬಂದಿತು. ನಿಂತ ಜಾಗ ಯಾವ ಸರ್ವೆ ನಂಬರಿನದೆಂದು ದಿಶಾಂಕ್ ತೋರಿಸುತ್ತದೆ. ಹವಾಮಾನಕ್ಕೆ ಮೇಘದೂತ್, ಸಿಡಿಲಿನ ಎಚ್ಚರಿಕೆಗೆ ದಾಮಿನಿ ಇವೆ. ಹೀಗಿರುವಾಗ ಫೋನು ಕೈಕೊಟ್ಟರೆ ಒಂದು ಕರೆ ತಪ್ಪುವುದಷ್ಟೇ ಅಲ್ಲ, ವ್ಯವಹಾರವೇ ನಿಲ್ಲುತ್ತದೆ.

ಈ ಪರೀಕ್ಷೆಗೆ ಕಾರಣವಾದ ಪ್ರಸಂಗ

ನಮ್ಮ ಸಂಘದ ಸದಸ್ಯರ ತೋಟಗಳಿಗೆ ಕಾಫಿ ಕೊಯ್ಲಿನ ಕಾಲದಲ್ಲಿ ರಾಯಚೂರು ಜಿಲ್ಲೆಯ ತುರ್ವಿಹಾಳದ ಕಡೆಯಿಂದ ಕೆಲವು ಕುಟುಂಬಗಳು ಬರುತ್ತವೆ. ಎರಡು ವರ್ಷದ ಹಿಂದೆ ಅವರಲ್ಲಿ ಒಬ್ಬ ಹೆಣ್ಣುಮಗಳ ಫೋನು ಬ್ಯಾಟರಿ ಊದಿಕೊಂಡು ಸತ್ತುಹೋಯಿತು. ಕೂಲಿ ಹಣ ಆಕೆಯ ಖಾತೆಗೆ ಜಮೆಯಾಗಿತ್ತು. ಊರಲ್ಲಿ ಅಜ್ಜಿಯ ಜೊತೆ ಇದ್ದ ಮಗಳ ಪರೀಕ್ಷಾ ಶುಲ್ಕ ಕಟ್ಟಲು ನಾಲ್ಕು ದಿನ ಉಳಿದಿತ್ತು. ಸಿಮ್ಮನ್ನು ತೆಗೆದು ಬೇರೆ ಫೋನಿಗೆ ಹಾಕಿದರೆ ಸಾಕೆಂದು ನಾವೂ ಭಾವಿಸಿದ್ದೆವು. ಅದು ತಪ್ಪು ತಿಳಿವಳಿಕೆ. ಯು.ಪಿ.ಐ. ನೋಂದಣಿಯು ಸಿಮ್ಮನ್ನೂ ಫೋನನ್ನೂ ಸೇರಿಸಿ ಹಾಕಿದ ಗಂಟು. ಫೋನು ಬದಲಾದರೆ ಗಂಟನ್ನು ಮತ್ತೆ ಹಾಕಬೇಕು. ಆಕೆಯ ಪಿನ್ನು ಹೊಸದಾಗಿ ಹಾಕಲು ಎ.ಟಿ.ಎಂ. ಕಾರ್ಡು ಬೇಕಾಯಿತು. ಕಾರ್ಡು ತುರ್ವಿಹಾಳದ ಮನೆಯ ಟ್ರಂಕಿನಲ್ಲಿತ್ತು.

ಕೊನೆಗೆ ಸಂಘದ ಗುಮಾಸ್ತರ ಫೋನಿನಿಂದ ಶುಲ್ಕ ಕಟ್ಟಿಸಿದೆವು. ಹಣವಿದ್ದೂ ಇಲ್ಲದಂತಾದ ಆ ನಾಲ್ಕು ದಿನ ಆ ತಾಯಿ ಕೆಲಸಕ್ಕೆ ಹೋದರೂ ಮನಸ್ಸು ಕೆಲಸದಲ್ಲಿರಲಿಲ್ಲ. ಆಕೆ ಆ ಫೋನನ್ನು ಕೊಂಡದ್ದು ಅದರ ಕ್ಯಾಮೆರಾದ ಅಂಕಿ ದೊಡ್ಡದಿದೆ ಎಂಬ ಕಾರಣಕ್ಕೆ, ಅದನ್ನು ಆರಿಸಿಕೊಟ್ಟವರು ನಮ್ಮವರೇ ಆದ ಒಬ್ಬ ಸದಸ್ಯರು. ಆದುದರಿಂದ ತಪ್ಪಿನಲ್ಲಿ ನಮ್ಮ ಪಾಲೂ ಇತ್ತು.

ಕಳೆದ ಮುಂಗಾರಿಗೆ ಮುನ್ನ ಸಂಘದ ವತಿಯಿಂದ ಒಂದೇ ಮಾದರಿಯ ಎರಡು ಫೋನುಗಳನ್ನು ಕೊಂಡೆವು. ಬೆಲೆ ಒಂದಕ್ಕೆ ಸುಮಾರು ಏಳೂವರೆ ಸಾವಿರ ರೂಪಾಯಿ. 4ಜಿ, 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಸಂಗ್ರಹ, 5,000 ಎಂ.ಎ.ಎಚ್. ಬ್ಯಾಟರಿ. ಒಂದನ್ನು ಮಳೆಗಾಲವಿಡೀ ತೋಟ ಸುತ್ತುವ ನಮ್ಮ ಗುಮಾಸ್ತರಿಗೆ ಕೊಟ್ಟೆವು. ಇನ್ನೊಂದನ್ನು ಕೊಯ್ಲಿನಲ್ಲಿ ಆ ಹೆಣ್ಣುಮಗಳಿಗೆ ಕೊಟ್ಟೆವು. ಆಕೆ ಅದನ್ನು ಊರಿಗೆ ಒಯ್ದರು. ಏಪ್ರಿಲ್‌ನಲ್ಲಿ ಅಕ್ಕಿ ಖರೀದಿಗೆಂದು ಸಿಂಧನೂರಿಗೆ ಹೋದ ನಾವು ತುರ್ವಿಹಾಳಕ್ಕೂ ಹೋಗಿ ವಿಚಾರಿಸಿ ಬಂದೆವು. ಜಡಿಮಳೆಯ ಮಲೆನಾಡು ಒಂದು ಕಡೆ, 40 ಡಿಗ್ರಿ ಮೀರುವ ಬಿಸಿಲಿನ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ ಇನ್ನೊಂದು ಕಡೆ. ಎರಡನ್ನೂ ತಾಳಿದ ಫೋನು ಮಾತ್ರ ನಮ್ಮ ಲೆಕ್ಕದಲ್ಲಿ ಗಟ್ಟಿ. ತಯಾರಕರ ಹೆಸರು ಇಲ್ಲಿ ಅಗತ್ಯವಿಲ್ಲ. ಮಾದರಿಗಳು ಆರು ತಿಂಗಳಿಗೊಮ್ಮೆ ಬದಲಾಗುತ್ತವೆ, ಪರೀಕ್ಷೆಯ ಕ್ರಮ ಬದಲಾಗುವುದಿಲ್ಲ.

ಬೆಂಗಳೂರಿನ ಹಳೆಯ ಪಾಠ

ಬಡವರ ಕೈಗೆಟಕುವ ಕೈಗಣಕ ಬೇಕೆಂಬ ಯೋಚನೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದ ಅಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್‌ನವರೂ ಕೂಡಿ ‘ಸಿಂಪ್ಯೂಟರ್’ ಎಂಬ ಸಾಧನವನ್ನು ರೂಪಿಸಿ, 2001 ರ ಏಪ್ರಿಲ್‌ನಲ್ಲಿ ಅದರ ಮೊದಲ ಮಾದರಿಯನ್ನು ಪ್ರದರ್ಶಿಸಿದರು. 2004 ರಲ್ಲಿ ಬಿ.ಇ.ಎಲ್. ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಆರಂಭದ ಬೆಲೆ 9,950 ರೂಪಾಯಿ. ಒಂದು ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಲಿ, ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ, ಓದು ಬಾರದವರಿಗೆ ಯಂತ್ರವೇ ಅವರ ಭಾಷೆಯಲ್ಲಿ ಓದಿ ಹೇಳಲಿ ಎಂಬುದು ಅದರ ಕಲ್ಪನೆ.

ಆ ಸಾಧನ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಅದನ್ನು ರೂಪಿಸಿದವರು ಮೊದಲು ಕೇಳಿದ ಪ್ರಶ್ನೆ ಸರಿಯಾದುದು: ಇದನ್ನು ಬಳಸುವವರು ಯಾರು, ಯಾವ ಕೆಲಸಕ್ಕೆ? ಇಂದು ಅದಕ್ಕಿಂತ ಎಷ್ಟೋ ಪಟ್ಟು ಶಕ್ತಿಯ ಯಂತ್ರ ಅದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿದೆ. ಪ್ರಶ್ನೆಯನ್ನು ಮಾತ್ರ ನಾವು ಕೇಳುತ್ತಿಲ್ಲ. ಇನ್ನು ಪರೀಕ್ಷೆಯ ಭಾಗಗಳನ್ನು ಒಂದೊಂದಾಗಿ ನೋಡೋಣ.

1. ಟವರು ಹಿಡಿಯುವ ಗುಣ

ಇದು ಮೊದಲನೆಯದು. ಕರೆ ಬಾರದ ಫೋನಿನ ಮಿಕ್ಕ ಗುಣಗಳೆಲ್ಲ ವ್ಯರ್ಥ. ಟವರುಗಳು ಬೇರೆ ಬೇರೆ ಅಲೆಗಳಲ್ಲಿ ಕೆಲಸ ಮಾಡುತ್ತವೆ. ಇವನ್ನು ಬ್ಯಾಂಡ್ ಎನ್ನುತ್ತಾರೆ. ಕಡಿಮೆ ಆವರ್ತನದ ಅಲೆ ಹೆಚ್ಚು ದೂರ ಹೋಗುತ್ತದೆ, ಮರ, ಗೋಡೆಗಳನ್ನೂ ಚೆನ್ನಾಗಿ ದಾಟುತ್ತದೆ. ಗುಡ್ಡ ಕಣಿವೆಯ ನಮಗೆ ಅದು ಮುಖ್ಯ. 2025 ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಉದ್ಘಾಟನೆಯಾದ ಬಿ.ಎಸ್.ಎನ್.ಎಲ್. 4ಜಿ ಬಳಸುವ ಅಲೆಗಳಲ್ಲಿ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28, ಒಂದು. ಕೆಲವು ಹಳೆಯ ಹಾಗೂ ತೀರಾ ಅಗ್ಗದ ಫೋನುಗಳಲ್ಲಿ ಈ ಬ್ಯಾಂಡ್ ಇರುವುದಿಲ್ಲ. ಬಿ.ಎಸ್.ಎನ್.ಎಲ್. ಸಿಮ್ಮಿರುವವರು ವಿವರ ಪಟ್ಟಿಯಲ್ಲಿ 28 ಇದೆಯೇ ಎಂದು ನೋಡಿಯೇ ಕೊಳ್ಳತಕ್ಕದ್ದು.

ಎರಡನೆಯದಾಗಿ, ವೈಫೈ ಮೂಲಕ ಕರೆ ಮಾಡುವ ಸೌಲಭ್ಯ. 2019 ರ ಕೊನೆಯಿಂದ ನಮ್ಮ ದೇಶದಲ್ಲಿ ಇದು ಬಳಕೆಗೆ ಬಂದಿದೆ. ಮನೆಗೆ ಕೇಬಲ್ ಇಂಟರ್‌ನೆಟ್ ಬಂದಿದ್ದು ಟವರು ಮಾತ್ರ ಸಿಗದ ಮನೆಗಳು ನಮ್ಮಲ್ಲಿ ಬಹಳ. ಅಂಥವರಿಗೆ ಇದು ವರದಾನ. ಫೋನಿನಲ್ಲಿಯೂ ಸಿಮ್ಮಿನ ಕಂಪನಿಯಲ್ಲಿಯೂ ಈ ಸೌಲಭ್ಯ ಇರಬೇಕು.

ಪರೀಕ್ಷೆ ಹೀಗೆ: ಮನೆಯ ಒಳಕೋಣೆ, ಕಣ, ತೋಟದ ತಗ್ಗು ಈ ಮೂರು ಕಡೆ ನಿಂತು ಕರೆ ಮಾಡಿ. ಪಕ್ಕದಲ್ಲಿ ಅದೇ ಕಂಪನಿಯ ಸಿಮ್ಮಿರುವ ಹಳೆಯ ಫೋನನ್ನು ಇಟ್ಟುಕೊಂಡು ಹೋಲಿಸಿ. ನಮ್ಮ ಫೋನು ಮೊದಲೆರಡು ಕಡೆ ಸರಿಯಾಗಿ ಮಾತನಾಡಿತು. ತಗ್ಗಿನಲ್ಲಿ ತಡವರಿಸಿತು. ತುರ್ವಿಹಾಳದ ಬಯಲಿನಲ್ಲಿ ಈ ತೊಂದರೆಯೇ ಬರಲಿಲ್ಲ.

2. ಬ್ಯಾಟರಿ

5,000 ಎಂ.ಎ.ಎಚ್. ಈಗ ಅಗ್ಗದ ಫೋನುಗಳಲ್ಲಿಯೂ ಸಾಮಾನ್ಯ. ಆದರೆ ಟವರು ದೂರವಿದ್ದಲ್ಲಿ ಫೋನು ಜೋರಾಗಿ ಕೂಗಬೇಕಾಗುತ್ತದೆ. ಆಗ ಬ್ಯಾಟರಿ ಬೇಗ ಇಳಿಯುತ್ತದೆ. ಊರಲ್ಲಿ ಎರಡು ದಿನ ಬರುವ ಫೋನು ತೋಟದಲ್ಲಿ ಒಂದೇ ದಿನಕ್ಕೆ ಮುಗಿಯುವುದು ಈ ಕಾರಣದಿಂದ. ನಮ್ಮ ಫೋನು ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ನೆಮ್ಮದಿಯಾಗಿ ನಡೆಯಿತು.

ಚಾರ್ಜರಿನ ಶಕ್ತಿಯನ್ನೂ ಗಮನಿಸಿ. 10 ವಾಟ್ ಚಾರ್ಜರಿನಲ್ಲಿ ಇಷ್ಟು ದೊಡ್ಡ ಬ್ಯಾಟರಿ ತುಂಬಲು ಸುಮಾರು ಮೂರು ಗಂಟೆ ಬೇಕು. ಮಳೆಗಾಲದಲ್ಲಿ ಕರೆಂಟು ಒಂದು ಗಂಟೆ ಬಂದು ಹೋಗುವ ಕಡೆ 18 ವಾಟ್ ತೆಗೆದುಕೊಳ್ಳುವ ಫೋನೇ ಲೇಸು.

ತುರ್ವಿಹಾಳದಲ್ಲಿ ಕಂಡ ತೊಂದರೆ ಬೇರೆ. ತಗಡಿನ ಮನೆಯಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕಿದರೆ ಫೋನು ಬಿಸಿಯಾಗಿ ಚಾರ್ಜಾಗುವುದನ್ನೇ ನಿಲ್ಲಿಸುತ್ತಿತ್ತು. ಇದು ದೋಷವಲ್ಲ, ರಕ್ಷಣೆ. ಲಿಥಿಯಂ ಬ್ಯಾಟರಿಗೆ ಶಾಖವೇ ಶತ್ರು. ಬಿಸಿಯಲ್ಲಿ ಪದೇ ಪದೇ ಚಾರ್ಜು ಮಾಡಿದರೆ ಆಯಸ್ಸು ಕುಂದುತ್ತದೆ, ಕೆಲವೊಮ್ಮೆ ಊದಿಕೊಳ್ಳುತ್ತದೆ. ಬೆಳಗಿನ ತಂಪಿನಲ್ಲಿ ಚಾರ್ಜು ಮಾಡಲು ತಿಳಿಸಿದೆವು, ಸರಿಹೋಯಿತು. ಅಡಿಕೆ ಬೇಯಿಸುವ ಒಲೆಯ ಪಕ್ಕ, ಜೀಪಿನ ಗಾಜಿನ ಹಿಂದೆ ಫೋನಿಡುವ ನಮ್ಮವರಿಗೂ ಇದೇ ಮಾತು. ಊದಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜಿಗೆ ಹಾಕಬಾರದು.

3. ಕಣ ಮತ್ತು ಉಗ್ರಾಣ

ರ್‍ಯಾಮ್ ಎಂದರೇನು, ಸಂಗ್ರಹ ಎಂದರೇನು ಎಂದು ಅನೇಕ ಸದಸ್ಯರು ಕೇಳುತ್ತಾರೆ. ರ್‍ಯಾಮ್ ಎಂದರೆ ಕಣ. ಈ ಹೊತ್ತು ಎಷ್ಟು ಮಾಲು ಹರಡಿ ಕೆಲಸ ಮಾಡಬಹುದು ಎಂಬುದು ಅದರ ಅಳತೆ. ಸಂಗ್ರಹ ಎಂದರೆ ಉಗ್ರಾಣ. ಕಣ ಚಿಕ್ಕದಾದರೆ ಕೆಲಸ ನಿಧಾನ, ಉಗ್ರಾಣ ಚಿಕ್ಕದಾದರೆ ಹೊಸ ಮಾಲಿಗೆ ಜಾಗವಿಲ್ಲ.

ಅಂಗಡಿಯಲ್ಲಿ ‘4 ಕ್ಕೆ 4 ಸೇರಿ 8 ಜಿ.ಬಿ. ರ್‍ಯಾಮ್’ ಎಂದು ಹೇಳುವುದುಂಟು. ಎರಡನೆಯ 4 ನಿಜವಾದ ಕಣವಲ್ಲ. ಉಗ್ರಾಣದ ನೆಲದ ಒಂದು ಮೂಲೆಯಲ್ಲಿ ಮಾಲು ಹರಡಿಕೊಂಡಂತೆ. ಸ್ವಲ್ಪ ಅನುಕೂಲವಾದೀತು, ಬಿಸಿಲಿನ ಕಣದ ಕೆಲಸ ಆಗದು. ನಿಜವಾದ ರ್‍ಯಾಮ್ ಎಷ್ಟೆಂದು ಕೇಳಿ. ದಿನಬಳಕೆಗೆ 4 ಜಿ.ಬಿ. ಇರಲಿ. 2 ಜಿ.ಬಿ. ಯ ಫೋನು ಇಂದು ಕೊಳ್ಳತಕ್ಕದ್ದಲ್ಲ.

ಸಂಗ್ರಹದಲ್ಲಿಯೂ 64 ಜಿ.ಬಿ. ಪೂರ್ತಿ ನಮ್ಮದಲ್ಲ. ಫೋನಿನ ಸ್ವಂತ ವ್ಯವಸ್ಥೆಯೇ ಒಳ್ಳೆಯ ಪಾಲನ್ನು ನುಂಗಿರುತ್ತದೆ. ಗುಮಾಸ್ತರ ಫೋನು ದೀಪಾವಳಿಯ ವೇಳೆಗೆ ತುಂಬಿತು. ತುಂಬಿದ್ದು ಸಂಘದ ಕಾಗದಗಳಿಂದಲ್ಲ, ವಾಟ್ಸಾಪ್ ಗುಂಪುಗಳ ‘ಶುಭೋದಯ’ದ ಚಿತ್ರಗಳಿಂದ. ಚಿತ್ರ, ವಿಡಿಯೋಗಳು ತಾವಾಗಿ ಇಳಿಯದಂತೆ ವ್ಯವಸ್ಥೆ ಮಾಡಿದ ಮೇಲೆ ಫೋನು ಹಗುರಾಯಿತು.

4. ಪರದೆ, ಬೆರಳು, ನೀರು

ಅಂಗಡಿಯ ದೀಪದಲ್ಲಿ ಎಲ್ಲ ಪರದೆಗಳೂ ಬೆಳಗುತ್ತವೆ. ಫೋನನ್ನು ಹೊರಗೆ ಬಿಸಿಲಿಗೆ ತಂದು ಒಂದು ಸಂದೇಶ ಓದಿ ನೋಡಿ. ನಮ್ಮ ಫೋನು ಮರದ ನೆರಳಿನಲ್ಲಿ ತೃಪ್ತಿಕರ, ಕಣದ ಬಿಸಿಲಿನಲ್ಲಿ ಕೈ ಅಡ್ಡ ಹಿಡಿಯದೆ ಓದಲಾಗದು. ಭತ್ತದ ಕೊಯ್ಲಿನ ಗದ್ದೆಯಲ್ಲಿಯೂ ಇದೇ ದೂರು ಕೇಳಿಬಂತು.

ಬೆರಳಚ್ಚಿನ ಬೀಗದ ವಿಚಾರ. ಅಡಿಕೆ ಸುಲಿಯುವವರ, ಕಾಫಿ ಕೊಯ್ಯುವವರ ಬೆರಳ ಗೆರೆಗಳು ಸವೆದಿರುತ್ತವೆ. ಅವರಿಗೆ ಅಂಕಿಯ ಬೀಗವೇ ಸುಲಭ. ಪಿ.ಎಂ. ಕಿಸಾನ್ ದೃಢೀಕರಣಕ್ಕೆ ಬೆರಳಚ್ಚು ತಾಳೆಯಾಗದೆ ಅಲೆಯುತ್ತಿದ್ದ ಹಿರಿಯರಿಗೆ 2023 ರಿಂದ ಮುಖ ತೋರಿಸಿ ದೃಢೀಕರಿಸುವ ಆಪ್ ಬಂದಿದೆ. ಇದಕ್ಕೆ ಮುಂದಿನ ಕ್ಯಾಮೆರಾ ಮಂಕಾಗಿರಬಾರದು.

ನೀರಿನ ವಿಚಾರದಲ್ಲಿ ಐ.ಪಿ. ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಐ.ಪಿ. 52 ಎಂದರೆ ತೊಟ್ಟಿಕ್ಕುವ ಹನಿ ತಾಳೀತು, 54 ಎಂದರೆ ಎರಚಲು ತಾಳೀತು. ಎರಡೂ ಜಡಿಮಳೆಗೆ ಸಾಲವು. ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಗುಮಾಸ್ತರು ಇಡೀ ಮಳೆಗಾಲ ಫೋನನ್ನು ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಉಳಿಸಿದರು. ನೆನೆದರೆ ಕೂಡಲೇ ಆರಿಸಿ, ಒರೆಸಿ, ಗಾಳಿಯಾಡುವ ಕಡೆ ಇಡಿ, ಚಾರ್ಜಿಗೆ ಹಾಕಬೇಡಿ. ಅಕ್ಕಿಯ ಡಬ್ಬದಲ್ಲಿ ಹೂಳುವ ಪದ್ಧತಿಯಿಂದ ಲಾಭವಿಲ್ಲ, ಹಿಟ್ಟಿನ ಧೂಳು ರಂಧ್ರಗಳಿಗೆ ಹೊಕ್ಕೀತು. ಅಕ್ಕಿಯ ಸೀಮೆಯಾದ ತುರ್ವಿಹಾಳದಲ್ಲಿಯೂ ಈ ನಂಬಿಕೆ ಇದೆ!

5. ಕ್ಯಾಮೆರಾ

ಮೆಗಾಪಿಕ್ಸೆಲ್ ಹೆಚ್ಚಾದ ಮಾತ್ರಕ್ಕೆ ಚಿತ್ರ ಚೆನ್ನಾಗಿ ಬರುವುದಿಲ್ಲ. ನಮಗೆ ಬೇಕಾದದ್ದು ಎಲೆಚುಕ್ಕಿ ರೋಗದ ಸೋಗೆಯನ್ನೋ ಕಾಯಿಕೊರಕ ತೂತು ಮಾಡಿದ ಕಾಫಿ ಹಣ್ಣನ್ನೋ ತಜ್ಞರಿಗೆ ತೋರಿಸುವ ಸ್ಪಷ್ಟತೆ. ಒಂದು ಗೇಣು ದೂರದಿಂದ ಎಲೆಯ ಚಿತ್ರ ತೆಗೆದು, ದೊಡ್ಡದು ಮಾಡಿ, ಚುಕ್ಕಿಯ ಅಂಚು ಕಾಣುತ್ತದೆಯೇ ನೋಡಿ. ನಮ್ಮ ಫೋನು ಬೆಳಕಿದ್ದಾಗ ಪಾಸಾಯಿತು, ಮೋಡದ ದಿನ ದಟ್ಟ ನೆರಳಿನಲ್ಲಿ ಚಿತ್ರ ಕದಡಿತು. ಸಮೀಕ್ಷೆಯ ಕೆಲಸಕ್ಕೆ ಜಿ.ಪಿ.ಎಸ್. ಕೂಡ ಬೇಕು. ಮರಗಳ ಕೆಳಗೆ ಅದು ಸ್ಥಳ ಹಿಡಿಯಲು ತಡಮಾಡುತ್ತದೆ. ತೆರವಿನ ಜಾಗದಲ್ಲಿ ಒಂದೆರಡು ನಿಮಿಷ ನಿಂತು ಆಮೇಲೆ ಮುಂದುವರಿಯಿರಿ.

6. ಆಯಸ್ಸು ಮತ್ತು ದುರಸ್ತಿ

ಫೋನು ಒಡೆಯದಿದ್ದರೂ ಮುಪ್ಪಾಗುತ್ತದೆ. ಆಂಡ್ರಾಯ್ಡ್ ವ್ಯವಸ್ಥೆ ಹಳತಾದಂತೆ ಆಪ್‌ಗಳು ಅದನ್ನು ಕೈಬಿಡುತ್ತವೆ. 2013 ರಲ್ಲಿ ಬಂದ ಆಂಡ್ರಾಯ್ಡ್ 4.4 ರ ಮೇಲೆ ವಾಟ್ಸಾಪ್ 2025 ರ ಜನವರಿಯಿಂದ ನಡೆಯುತ್ತಿಲ್ಲ. ಆದುದರಿಂದ ಈಗ ಯಾವ ಆವೃತ್ತಿ ಇದೆ, ಭದ್ರತಾ ನವೀಕರಣವನ್ನು ಎಷ್ಟು ವರ್ಷ ಕೊಡುತ್ತಾರೆ ಎಂಬ ಎರಡು ಪ್ರಶ್ನೆ ಕೇಳಿ. ಹತ್ತಿರದ ಪೇಟೆಯಲ್ಲಿ ಬ್ಯಾಟರಿ, ಪರದೆ ಬದಲಿಸುವ ಸರ್ವಿಸ್ ಇದೆಯೇ ವಿಚಾರಿಸಿ. ಐನೂರು ರೂಪಾಯಿ ಉಳಿಸಲು ಹೋಗಿ ದುರಸ್ತಿಗೆ ಬೆಂಗಳೂರಿಗೆ ಹೋಗುವಂತಾಗಬಾರದು.

ಅಂಕಪಟ್ಟಿ

ಮೇಲಿನ ಆರು ಅಂಶಗಳಿಗೆ ನಮ್ಮ ಸಮಿತಿ ನೂರು ಅಂಕಗಳನ್ನು ಹಂಚಿತು. ಆವರಣದಲ್ಲಿರುವುದು ಪೂರ್ಣಾಂಕ.

ಟವರು ಮತ್ತು ಕರೆ (30): 22
ಬ್ಯಾಟರಿ (20): 16
ರ್‍ಯಾಮ್ ಮತ್ತು ಸಂಗ್ರಹ (15): 9
ಪರದೆ, ಬೆರಳು, ನೀರು (15): 8
ಕ್ಯಾಮೆರಾ, ಜಿ.ಪಿ.ಎಸ್. (10): 5
ಆಯಸ್ಸು, ದುರಸ್ತಿ (10): 6
ಒಟ್ಟು (100): 66

60 ಕ್ಕೆ ಮೇಲೆ ಬಂದರೆ ದಿನಬಳಕೆಗೆ ಯೋಗ್ಯವೆಂದು ನಮ್ಮ ಅಭಿಪ್ರಾಯ. ಆದರೆ ಟವರಿನ ಅಂಕ 18 ಕ್ಕಿಂತ ಕಡಿಮೆಯಾದರೆ ಒಟ್ಟು ಎಷ್ಟೇ ಬರಲಿ, ಆ ಫೋನು ಬೇಡ. ಅಂಕಗಳ ಹಂಚಿಕೆಯನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು. ತುರ್ವಿಹಾಳದಲ್ಲಿ ಆ ಹೆಣ್ಣುಮಗಳಿಗೆ ಕ್ಯಾಮೆರಾ ಹೇಗಿದೆ ಎಂದು ಕೇಳಿದಾಗ ಆಕೆ ನಕ್ಕು, “ಸಾವ್ಕಾರ್ರ, ಫೋಟೋ ಹೆಂಗರ ಬರ್ಲಿ ಬಿಡ್ರಿ. ತ್ವಾಟದಾಗ ಇದ್ದಾಗ ಮಗಳ ದನಿ ಕೇಳಬೇಕು, ರೊಕ್ಕ ಹೋಗಿ ಮುಟ್ಟಬೇಕು. ಅಷ್ಟಾದ್ರ ಸಾಕ್ರಿ ನಮಗ,” ಎಂದರು. ನಮ್ಮ ಸಮಿತಿ ಎರಡು ಸಭೆ ನಡೆಸಿ ಹಂಚಿದ ಅಂಕಗಳನ್ನು ಆಕೆ ಒಂದೇ ಮಾತಿನಲ್ಲಿ ಹಂಚಿಬಿಟ್ಟರು.

ಎಲ್ಲರಿಗೂ ಬೇಕೇ?

ಬೇಕಿಲ್ಲ. ಮಾತು ಮತ್ತು ಸಣ್ಣ ಪಾವತಿ ಮಾತ್ರ ಸಾಕೆನ್ನುವ ಹಿರಿಯರಿಗೆ 4ಜಿ ಕೀಪ್ಯಾಡ್ ಫೋನು ಸಾಕು. ಸಾದಾ ಫೋನಿನಿಂದಲೂ ಹಣ ಕಳಿಸುವ ‘123 ಪೇ’ ವ್ಯವಸ್ಥೆ 2022 ರ ಮಾರ್ಚಿನಲ್ಲಿ ಬಂದಿದೆ. ಕಾಫಿ ಮಂಡಳಿ 2018 ರಲ್ಲಿ ಆರಂಭಿಸಿದ ‘ಕಾಫಿ ಕೃಷಿ ತರಂಗ’ವೂ ಕರೆಯ ಮೂಲಕ ಸಲಹೆ ಕೊಡಲೆಂದೇ ರೂಪಿಸಿದ ಸೇವೆ. ಮನೆಗೊಂದೇ ಸ್ಮಾರ್ಟ್‌ಫೋನು ಇದ್ದು ಮಕ್ಕಳೂ ಬಳಸುವುದಾದರೆ, ಪಾವತಿಯ ಆಪ್‌ಗೆ ಪ್ರತ್ಯೇಕ ಬೀಗ ಹಾಕಿ. ಸಿಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಇಟ್ಟದ್ದರ ತತ್ತ್ವವೂ ಇದೇ.

ಕೊಳ್ಳುವ ದಿನ ಮಾಡಬೇಕಾದದ್ದು

ರಸೀದಿ ಪಡೆಯಿರಿ. *#06# ಒತ್ತಿದರೆ ಕಾಣುವ ಹದಿನೈದು ಅಂಕಿಯ ಐ.ಎಂ.ಇ.ಐ. ಸಂಖ್ಯೆ ಪೆಟ್ಟಿಗೆ ಹಾಗೂ ರಸೀದಿಯ ಸಂಖ್ಯೆಗೆ ತಾಳೆಯಾಗಬೇಕು. ಅದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಹಳೆಯ ಫೋನು ಕೊಳ್ಳುವುದಾದರೆ ‘ಕೆ.ವೈ.ಎಂ.’ ಎಂಬ ಇಂಗ್ಲಿಷಿನ ಮೂರು ಅಕ್ಷರ, ಒಂದು ಖಾಲಿ ಜಾಗ, ಆಮೇಲೆ ಐ.ಎಂ.ಇ.ಐ. ಸಂಖ್ಯೆ ಬರೆದು 14422 ಕ್ಕೆ ಸಂದೇಶ ಕಳಿಸಿ, ಫೋನಿನ ವಿವರ ಬರುತ್ತದೆ. ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಮೂಲಕ ಫೋನನ್ನು ನಿರ್ಬಂಧಿಸಬಹುದು. ಹಣ ಮೋಸಹೋದರೆ ತಡಮಾಡದೆ 1930 ಕ್ಕೆ ಕರೆ ಮಾಡಿ. ಎ.ಟಿ.ಎಂ. ಕಾರ್ಡು ಫೋನಿರುವ ಊರಿನಲ್ಲಿಯೇ ಇರಲಿ, ಆದರೆ ಫೋನಿನ ಚೀಲದಲ್ಲಿ ಬೇಡ.

ಕೊನೆಯದಾಗಿ ಒಂದು ವಿನಂತಿ. ಕೊಯ್ಲಿಗೆ ಬರುವ ಕುಟುಂಬಗಳಿಗೆ ಫೋನು ಆರಿಸಿಕೊಡುವವರು ಬಹುಪಾಲು ನಾವೇ. ನಮ್ಮ ಮಾತನ್ನು ನಂಬಿ ಅವರು ಒಂದು ತಿಂಗಳ ಉಳಿತಾಯವನ್ನು ಅದಕ್ಕೆ ಹಾಕುತ್ತಾರೆ. ಅಂಕಪಟ್ಟಿಯ ಪ್ರತಿಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ತಮ್ಮ ಫೋನಿಗೆ ಅಂಕ ಹಾಕಿ ಮುಂದಿನ ಮಾಸಿಕ ಸಭೆಗೆ ತನ್ನಿ. ಹತ್ತು ಮಂದಿಯ ಪಟ್ಟಿ ಕೂಡಿದರೆ, ಹನ್ನೊಂದನೆಯವರು ಅಂಗಡಿಯಲ್ಲಿ ಮೋಸಹೋಗುವುದು ತಪ್ಪುತ್ತದೆ. ಕೊಯ್ಲು ಆರಂಭವಾಗುವ ಮುನ್ನ ಈ ಕೆಲಸ ಆಗಲಿ ಎಂಬುದು ನಮ್ಮ ಆಶಯ.